ಲಂಡನ್ನೋ ಪ್ರಾಗೋ ಎಂಬ ಹದಿನೈದು ದಿನ

ಮಗಳ ಶಾಲೆಯ ಹಳೆಯ ಭೂಪಟದ ಪುಸ್ತಕವೊಂದು ನಮ್ಮ ಮನೆಯ ಗೋಡೆಯ ಮಾಡದಲ್ಲಿ ಇನ್ನೂ ಬಿದ್ದುಕೊಂಡಿದೆ. ತೆರೆದು ನೋಡಿದರೆ ಬೇರೆಲ್ಲ ಪುಟಗಳು ಬೆಳ್ಳಗಿವೆ. ಲೋಕದ ನಕಾಶೆ ಇರುವ ಪುಟ ಮಾತ್ರ ಬೆರಳಿನ ಗುರುತುಗಳಿಂದ ಕಪ್ಪಾಗಿದೆ. ಅದು ಮಗ್ಗದ ಎಣ್ಣೆ. ಸಾಬೂನು, ಸೀಮೆಎಣ್ಣೆ, ಬೂದಿ ಯಾವುದಕ್ಕೂ ಜಗ್ಗದ ಎಣ್ಣೆ. ಇಚಲಕರಂಜಿಯಲ್ಲಿ ನಾನು ಜಾಬರ್. ಕರೆಂಟಿನ ಮಗ್ಗ ಕೆಟ್ಟು ನಿಂತರೆ ಅದನ್ನು ಮತ್ತೆ ಓಡುವಂತೆ ಮಾಡುವವನಿಗೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ. ನಡುವೆ ಎರಡು ವರ್ಷ ಬಿಟ್ಟರೆ ಹರೆಯದಿಂದ ಇಂದಿನವರೆಗೆ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಜನ ಕೇಳುವುದು ಆ ಎರಡು ವರ್ಷದ ಬಗ್ಗೆಯೇ. ಯಾವ ಊರು ಚೆಂದ, ಯಾವ ಊರಿನಲ್ಲಿ ನಮ್ಮಂಥವರು ಬಾಳಬಹುದು ಎಂದು ಹೊಸ ಹುಡುಗರು ಬಂದು ಕೂರುತ್ತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿದೆ. ನಿಮಗೊಮ್ಮೆ ಬರೆದೇ ಬಿಡುತ್ತೇನೆ, ಇನ್ನು ಕೇಳಬೇಡಿ.

ಸಾವಿರದ ಒಂಬೈನೂರ ಅರವತ್ತನೇ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿದ್ದಾಗ, ಒಂದೇ ವಾರದಲ್ಲಿ ನನಗೆ ಎರಡು ಪತ್ರಗಳು ಬಂದವು. ಒಂದು ಲಂಡನ್ನಿನಿಂದ. ನನ್ನ ಜೊತೆ ಇದೇ ಮಗ್ಗದ ಶೆಡ್ಡಿನಲ್ಲಿ ದುಡಿದ ದಾನೋಳಿಯ ಜಿನ್ನಪ್ಪ ಅಲ್ಲಿಗೆ ಹೋಗಿ ಬಿಸ್ಕೀಟು ಕಾರ್ಖಾನೆ ಸೇರಿದ್ದ. ಅಲ್ಲೇ ನನಗೂ ಕೆಲಸ ಗೊತ್ತು ಮಾಡಿದ್ದ. ಹೆಂಡತಿ ಮಗಳನ್ನು ಕರೆದುಕೊಂಡೇ ಬಾ, ಎಲ್ಲರೂ ಕೂಡಿ ಇರಬಹುದು, ಕೆಲಸವೇನು ದೊಡ್ಡದಲ್ಲ, ಕಾರ್ಖಾನೆಯ ನೆಲ ಗುಡಿಸುವುದು ಮತ್ತು ಡಬ್ಬಿ ಹೊರುವುದು ಎಂದು ಬರೆದಿದ್ದ. ಇನ್ನೊಂದು ಪತ್ರ ಪ್ರಾಗಿನಿಂದ. ನಮ್ಮ ಮಾಲಕರು ಅಲ್ಲಿಂದ ಹೊಸ ಮಗ್ಗಗಳನ್ನು ತರಿಸಿದಾಗ ಅವುಗಳನ್ನು ಕೂರಿಸಲು ಬಂದ ಮಿಸ್ತ್ರಿ ಬರೆದದ್ದು. ಅವನ ಹೆಸರು ಯಾನ್. ಕನ್ನಡದಲ್ಲಿ ಯಾನವೆಂದರೆ ಪಯಣ. ಅವನ ಊರು ಪ್ರಾಗ್, ಸಂಸ್ಕೃತದಲ್ಲಿ ಪ್ರಾಗ್ ಎಂದರೆ ಮೊದಲು. ಶಾಲೆಯಲ್ಲಿ ಕಲಿತ ಅಷ್ಟು ಸಂಸ್ಕೃತವೇ ನನ್ನ ತಲೆ ಕೆಡಿಸಲು ಸಾಕಾಯಿತು.

ಯಾನ್ ನಮ್ಮಲ್ಲಿ ನಾಲ್ಕು ತಿಂಗಳಿದ್ದ. ಮಗ್ಗದಲ್ಲಿ ಏನೋ ಕೊಂಕಿದೆ ಎನಿಸಿದರೆ ಅವನು ತಿರುಪು ಬಿಗಿಯುವ ಪಾನಾದ ಒಂದು ತುದಿಯನ್ನು ಕಬ್ಬಿಣಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ನನ್ನ ಕಿವಿ ಮಗ್ಗದ ಸದ್ದಿಗೆ ಆಗಲೇ ಅರ್ಧ ಸತ್ತಿತ್ತು. ನಾನು ಬರಿಗಾಲನ್ನು ನೆಲಕ್ಕೊತ್ತಿ ನಿಂತು, ಅಂಗಾಲಿಗೆ ಬರುವ ನಡುಕದಲ್ಲಿ ಎಲ್ಲಿ ಯಾವ ತಿರುಪು ಸಡಿಲಾಗಿದೆ ಎಂದು ಹೇಳುತ್ತಿದ್ದೆ. ಮೊದಲ ಸಲ ಅದನ್ನು ಕಂಡಾಗ ಅವನು ನಗಲಿಲ್ಲ. ಬೂಟು ಬಿಚ್ಚಿ, ಕಾಲುಚೀಲ ಕಳಚಿ, ನನ್ನ ಪಕ್ಕದಲ್ಲಿ ಬಂದು ನಿಂತ. ಇಡೀ ಜನ್ಮದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಮರ್ಯಾದೆ ಅದೊಂದೇ. ಈಗ ಅವನ ಕಾರ್ಖಾನೆಯಲ್ಲಿ ಎರಡು ವರ್ಷ ಕಲಿಯಲು ಒಬ್ಬನಿಗೆ ಜಾಗವಿತ್ತು. ಒಬ್ಬನಿಗೇ. ಹೆಂಡತಿ ಮಕ್ಕಳಿಗೆ ಅವಕಾಶವಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು.

ನೋಡಿ, ವಿಷಯ ಇಷ್ಟೇ. ಲಂಡನ್ನಿಗೆ ಹೋದರೆ ಸಂಸಾರ ಕೈಯಲ್ಲಿರುತ್ತದೆ, ಕಸಬು ಹೋಗುತ್ತದೆ. ಪ್ರಾಗಿಗೆ ಹೋದರೆ ಕಸಬು ಬೆಳೆಯುತ್ತದೆ, ನಾನು ಒಬ್ಬಂಟಿ. ಒಂದೇ ಒಂದು ದಾರಿ ಇರುವವನಿಗೆ ಕಾಲು ಮಾತ್ರ ನೋಯುತ್ತದೆ. ಎರಡು ದಾರಿಗಳ ನಡುವೆ ನಿಂತವನಿಗೆ ಒಂದು ಹೆಜ್ಜೆ ಇಡುವ ಮೊದಲೇ ಮೈಯೆಲ್ಲ ಸೋಲುತ್ತದೆ. ಎರಡು ಪಾಳಿಯ ಕೆಲಸ ಮುಗಿಸಿದ ದಿನವೂ ನಾನು ಅಷ್ಟು ದಣಿದಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಒಂದು ತುತ್ತು ಲಂಡನ್, ಇನ್ನೊಂದು ತುತ್ತು ಪ್ರಾಗ್. ಹೆಂಡತಿ ಕಾಶವ್ವ ಎದುರು ಕೂತು ಬಡಿಸುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ಯಾವುದಕ್ಕೆ ಒಪ್ಪಿಗೆ ಎಂದು ಮಾತ್ರ ಯೋಚಿಸಿರಲಿಲ್ಲ.

ಅವಳು ಮಾತಾಡದಿದ್ದರೇನು, ಓಣಿ ಮಾತಾಡಿತು. ಸಂಜೆಯಾದರೆ ಕಟ್ಟೆಯ ಮೇಲೆ ಭೂಪಟ ಬಿಚ್ಚಿಕೊಳ್ಳುತ್ತಿತ್ತು. ಮುಂಬಯಿಯನ್ನೇ ಕಾಣದ ಮಂದಿ ಯುರೋಪಿನ ಎರಡು ರಾಜಧಾನಿಗಳನ್ನು ತಮ್ಮ ತೋಟದ ಎರಡು ಮಾವಿನ ಗಿಡಗಳಂತೆ ತೂಗಿ ನೋಡಿದರು. ದೂರ ಅಳೆಯಲು ಮಗ್ಗದ ಹಾಸಿನ ನೂಲಿನ ತುಂಡೊಂದನ್ನು ತಂದರು. ಆದರೆ ಹಿಡಿಯುವುದು ಎಲ್ಲಿಂದ? ಆ ನಕಾಶೆಯಲ್ಲಿ ಇಚಲಕರಂಜಿ ಇರಲಿಲ್ಲ. ಅರಸರ ಊರಾದ ಕೊಲ್ಹಾಪುರಕ್ಕೂ ಚುಕ್ಕೆ ಇರಲಿಲ್ಲ. ಕೊನೆಗೆ ಮುಂಬಯಿಯಿಂದಲೇ ಹಿಡಿದರು. ಲಂಡನ್ನು ಪ್ರಾಗಿಗಿಂತ ಒಂದು ಉಗುರಿನಷ್ಟು ದೂರ ಬಂತು.

ಪಕ್ಕದ ಮನೆಯ ಪಾಂಡೂ ತಾತ್ಯಾ ಮೊದಲ ದಿನವೇ ತೀರ್ಪು ಕೊಟ್ಟಿದ್ದ. ಆತ ಮರಾಠಿ ಮನುಷ್ಯ, ಹರಿದ ನೂಲಿಗೆ ಗಂಟು ಹಾಕುವುದರಲ್ಲಿ ಊರಿಗೇ ಪ್ರಸಿದ್ಧ.

"ಲಂಡನಲಾಚ್ ಜಾ, ಬಸಾಪ್ಪಾ. ತಿಥೇ ರಾಣೀ ಆಹೇ," ಎಂದ. ಲಂಡನ್ನಿಗೇ ಹೋಗು, ಅಲ್ಲಿ ರಾಣಿ ಇದ್ದಾಳೆ ಎಂದು.

"ರಾಣಿ ಇದ್ರ ಇಂವಗೇನ ಬಂತೋ ತಾತ್ಯಾ? ಇಂವ ಹೋಗಿ ಆಕಿಗೆ ಉಡಾಕ ಲುಗಡಾ ನೇಯ್ತಾನೇನು?" ಎಂದು ಎದುರು ಮನೆಯ ಮುದುಕ ಕನ್ನಡದಲ್ಲಿ ಕೇಳಿದ. ಇವನ ಕನ್ನಡ ಅವನಿಗೂ ಅವನ ಮರಾಠಿ ಇವನಿಗೂ ತಿಳಿಯುತ್ತಿತ್ತು. ನಮ್ಮ ಓಣಿಯ ಜಗಳಗಳು ಹೀಗೆ ಎರಡು ಭಾಷೆಗಳಲ್ಲಿ ನಡೆದು ಒಂದೇ ಚಹಾದಲ್ಲಿ ಮುಗಿಯುತ್ತಿದ್ದವು.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ಗಡಹಿಂಗ್ಲಜದಲ್ಲಿ. ಅಲ್ಲಿಯ ಅಂಗಡಿಯವನು ಮಾತನ್ನು ಮರಾಠಿಯಲ್ಲಿ ಶುರು ಮಾಡಿ, ನಡುವೆ ಯಾವಾಗಲೋ ದಾಟಿ, ಕನ್ನಡದಲ್ಲಿ ಮುಗಿಸುತ್ತಾನೆ. ಏಳೆಂಟು ವರ್ಷದವರೆಗೆ ಅವು ಎರಡು ಭಾಷೆಗಳೆಂಬುದೇ ನನಗೆ ಗೊತ್ತಿರಲಿಲ್ಲ. ಎಡಗೈ ಬಲಗೈಯ ಹಾಗೆ ಯಾವುದು ಹತ್ತಿರವಿದೆಯೋ ಅದನ್ನು ಚಾಚುತ್ತಿದ್ದೆ. ಹಾಗಾಗಿ ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಬಂದಾಗ ನನಗೆ ಊರು ಬದಲಾಯಿತೇ ವಿನಾ ಮತ್ತೇನೂ ಬದಲಾಗಲಿಲ್ಲ. ಕಾಶವ್ವ ಘಟಪ್ರಭೆಯ ಕಡೆಯವಳು. ಮರಾಠಿ ಎಂಬುದು ಸಂತೆಗೆ ಬರುವ ದೂರದ ವ್ಯಾಪಾರಿಗಳ ಬಾಯಲ್ಲಿ ಮಾತ್ರ ಇರುವ ಊರು ಅವಳದು. ಮದುವೆಯಾಗಿ ಇಲ್ಲಿಗೆ ಬಂದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅರ್ಧ ದಿನದ ದಾರಿಯನ್ನು ಯಾರು ಪರದೇಶವೆನ್ನುತ್ತಾರೆ? ನಾನಂತೂ ಅಂದಿರಲಿಲ್ಲ.

ಪಾಸ್‌ಪೋರ್ಟಿನ ಅರ್ಜಿಗಾಗಿ ಕೊಲ್ಹಾಪುರದ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ ನನ್ನ ಅರ್ಜಿ ನೋಡಿದರು. ಯಾವ ದೇಶಕ್ಕೆ ಹೋಗುವುದು ಎಂಬ ಕಡೆ ನಾನು ಎರಡೂ ಹೆಸರು ಬರೆದಿದ್ದೆ.

"ಏಕಚ್ ಲಿಹಾ," ಎಂದರು. ಒಂದೇ ಬರೆಯಿರಿ.

"ಸಾಹೇಬ, ಇನ್ನೂ ಠರಾವ ಆಗಿಲ್ಲ," ಎಂದು ನಾನು ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಅವರಿಗೆ 'ಠರಾವ' ಎಂಬುದೊಂದು ತಿಳಿಯಿತು, ಅಷ್ಟು ಸಾಕಾಯಿತು. ಯಾವ ಊರಿನ ಪತ್ರವನ್ನು ಲಗತ್ತಿಸುತ್ತೀರೋ ಆ ದೇಶ ಬರೆಯಿರಿ, ಬರುವ ಸೋಮವಾರ ಕೊನೆಯ ದಿನ ಎಂದು ಹೇಳಿ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನಿಗೆ ಉತ್ತರ ಬಂತು. ನಿಜ ಹೇಳುತ್ತೇನೆ, ಅದು ಯೋಚನೆಯಿಂದ ಬಂದ ಉತ್ತರವಲ್ಲ, ಸುಸ್ತಿನಿಂದ ಬಂದದ್ದು. ಲಂಡನ್ ಆಗಲಿ ಎಂದುಕೊಂಡೆ. ಕಾಶವ್ವನಿಗಾಗಿ ಕಸಬು ಬಿಟ್ಟೆ ಎಂದು ಹೇಳಿಕೊಳ್ಳಬಹುದಲ್ಲ. ದಣಿದವನಿಗೆ ತ್ಯಾಗವೆಂಬುದು ಒಳ್ಳೆಯ ಹಾಸಿಗೆ. ಬಿದ್ದುಕೊಂಡರೆ ಯಾರೂ ಎಬ್ಬಿಸುವುದಿಲ್ಲ.

ಎಬ್ಬಿಸಿದವಳು ನನ್ನ ಅಕ್ಕ. ಅದೂ ಪಾಂಡೂ ತಾತ್ಯಾನ ಕೃಪೆಯಿಂದ.

ತಾತ್ಯಾ ಏನೋ ಕೆಲಸದ ಮೇಲೆ ಗಡಹಿಂಗ್ಲಜಕ್ಕೆ ಹೋದವನು ಸಂತೆಯಲ್ಲಿ ನನ್ನ ಅಕ್ಕ ನೀಲವ್ವನನ್ನು ಕಂಡಿದ್ದಾನೆ. ಅವ್ವ ಬೇಗ ತೀರಿಹೋದ ಮೇಲೆ ನನ್ನನ್ನು ಬೆಳೆಸಿದವಳು ಆಕೆ. ಒಳ್ಳೆಯ ಸುದ್ದಿಯನ್ನು ತಾನೇ ಮೊದಲು ಹೇಳಬೇಕೆಂಬ ಆಸೆಯಿಂದ ಆತ, "ತುಮಚಾ ಬಸಾಪ್ಪಾ ಪರದೇಶೀ ಝಾಲಾ," ಎಂದು ಹೇಳಿ, ಬಸ್ಸು ತಪ್ಪುತ್ತದೆಂದು ಓಡಿದ್ದಾನೆ. ಅವನ ಮರಾಠಿಯಲ್ಲಿ ಅದರ ಅರ್ಥ ಸರಳ: ನಿಮ್ಮ ಬಸಪ್ಪ ಪರದೇಶದವನಾದ. ಅಕ್ಕ ಅದನ್ನು ಕನ್ನಡದ ಕಿವಿಯಿಂದ ಕೇಳಿದಳು. ನಮ್ಮ ಕಡೆ ಪರದೇಶಿ ಅಂದರೆ ಎಲ್ಲವನ್ನೂ ಕಳೆದುಕೊಂಡವನು, ಹಿಂದೆ ಮುಂದೆ ಯಾರೂ ಇಲ್ಲದವನು. ಅವ್ವ ಸತ್ತ ದಿನ ನನ್ನನ್ನು ಮಡಿಲಿಗೆ ಎಳೆದುಕೊಂಡು ಆಕೆ ಅತ್ತದ್ದು ಅದೇ ಮಾತಿನಿಂದ.

ಶನಿವಾರ ಮಧ್ಯಾಹ್ನ ನಾನು ಪಾಳಿ ಮುಗಿಸಿ ಬಂದು ಮುಖ ತೊಳೆಯುತ್ತಿದ್ದೆ. ಓಣಿಯ ತುದಿಯಿಂದಲೇ ಅಳು ಕೇಳಿತು. ಒಂದು ಬಗಲಲ್ಲಿ ಜೋಳದ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಸುತ್ತಿದ ಕೌದಿ, ಅಕ್ಕ ಬರುತ್ತಿದ್ದಳು.

"ಪರದೇಶಿ ಆದೆಲ್ಲೋ ಬಸ್ಯಾ. ಮತ್ತೊಮ್ಮೆ ಪರದೇಶಿ ಆದೆಲ್ಲೋ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಶವ್ವ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಅಕ್ಕನ ಅಳು ಅರ್ಧಕ್ಕೇ ನಿಂತಿತು. ಹಿಟ್ಟಿನ ಚೀಲ ಕೈಜಾರಿ ಹೊಸ್ತಿಲ ಮೇಲೆ ಬಿತ್ತು.

"ನೀ ಅದೀಯೇನಬೇ?" ಎಂದಳು.

"ಅದೀನ್ರಿ ಅಕ್ಕಾರ. ನಾ ಎಲ್ಲಿ ಹೋಗಲಿ?"

"ನೀ ಸತ್ತಿ ಅಂತ ಗಡಹಿಂಗ್ಲಜದಿಂದ ಅತಗೋತ ಬಂದೇನಿ." ಅಕ್ಕ ಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಗಂಟಿನ ತಾತ್ಯಾ ಬಸ್ಯಾ ಪರದೇಶಿ ಆದ ಅಂದ. ಹೆಣ್ತಿ ಸತ್ತಿರಬೇಕು, ಇಲ್ಲಾ ಮನಿ ಸುಟ್ಟಿರಬೇಕು ಅನ್ಕೊಂಡ್ನಿ. ನೋಡಿದ್ರ ಎಲ್ಲಾ ಛಲೋ ಅದೀರಿ." ಆ ಕೊನೆಯ ಮಾತಿನಲ್ಲಿ ಸಮಾಧಾನ ಎಷ್ಟಿತ್ತೋ ಬಸ್ಸಿನ ದಾರಿಯುದ್ದಕ್ಕೂ ವ್ಯರ್ಥವಾದ ಕಣ್ಣೀರಿನ ಸಿಟ್ಟೂ ಅಷ್ಟೇ ಇತ್ತು.

ಕಾಶವ್ವ ನಗತೊಡಗಿದಳು. ಪತ್ರಗಳು ಬಂದಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತಾ ನಗುತ್ತಾ ಕೂತುಬಿಟ್ಟಳು.

ಅಕ್ಕನಿಗೆ ಎಲ್ಲವನ್ನೂ ವಿವರಿಸಿದೆ. ಪ್ರಾಗಿನ ಕಾರ್ಖಾನೆ, ಲಂಡನ್ನಿನ ಜಿನ್ನಪ್ಪ, ಸೋಮವಾರದ ಅರ್ಜಿ. ಆಕೆ ಚಹಾ ಕುಡಿಯುತ್ತ ಕೇಳಿದಳು.

"ಅಂದ್ರ ಲಂಡನ್ನಿಗೆ ಹೋಗಿ ಏನ ಮಾಡಾಂವ ನೀ?"

"ಸುರುವಾತಿಗೆ ಕಸಾ ಹೊಡಿಯೂದು ಅಕ್ಕಾ."

"ಕಸಾ ಹೊಡಿಯಾಕ ಅಷ್ಟ ದೂರ ಯಾಕೋ? ನಮ್ಮ ಅಂಗಳ ಹಂಗ ಬಿದ್ದೈತಿ, ಬಂದು ಹೊಡಿ."

"ಅಲ್ಲಿ ಎಲ್ಲಾರೂ ಕೂಡೇ ಇರಬಹುದು. ಇಕಿ ಸಲವಾಗಿ ಅದನ್ನ ಠರಾವ ಮಾಡೇನಿ."

ಕಾಶವ್ವನ ನಗು ನಿಂತಿತು. ಅವಳು ತಂಬಿಗೆಯನ್ನು ಪಕ್ಕಕ್ಕಿಟ್ಟಳು.

"ನನ್ನ ಸಲವಾಗಿ ಅಂತ ನಿಮಗ ಯಾರ ಹೇಳಿದ್ರು?"

ನಾನು ಅಕ್ಕನ ಕಡೆ ನೋಡಿದೆ.

"ಹದಿನೈದು ದಿನದಿಂದ ಓಣ್ಯಾನ ಮಂದಿನೆಲ್ಲಾ ಕೇಳಾಕತ್ತೀರಿ. ತಾತ್ಯಾನ್ನ ಕೇಳಿದ್ರಿ, ಎದುರಮನಿ ಅಜ್ಜನ್ನ ಕೇಳಿದ್ರಿ. ನನ್ನ ಕೇಳಿದ್ರೇನು?"

"ನಿನಗ ಬ್ಯಾಡೇನು?"

"ಬ್ಯಾಡ್ರಿ." ಅವಳು ದನಿ ಏರಿಸಲಿಲ್ಲ. "ಒಂಬತ್ತು ವರ್ಷ ಆತು ನಾ ಈ ಊರಿಗೆ ಬಂದು. ಬಂದಾಗ ಒಂದ ಮಾತ ತಿಳೀತಿದ್ದಿಲ್ಲ. ನೀವು ಶೆಡ್ಡಿಗೆ ಹೋದ ಕೂಡಲೇ ಬಾಗಲಾ ಹಾಕ್ಕೊಂಡು ಒಳಗ ಕುಂದರತಿದ್ದೆ. ನಳದ ಮುಂದ ಹೆಂಗಸರು ನಕ್ರ ನನ್ನ ನೋಡೇ ನಗತಾರ ಅನ್ನಿಸ್ತಿತ್ತು. ನಾನೂ ಅವರ ಕೂಡ ನಗಾಕ ನಾಕ ವರ್ಷ ಹಿಡೀತು. ಈಗ ನನಗ ಮರಾಠಿಯೊಳಗ ಜಗಳಾಡಾಕ ಬರತೈತಿ. ಮತ್ತ ಮೊದಲಿಂದ ಸುರು ಮಾಡು ಅಂದ್ರ ನಾ ಒಲ್ಲೆ. ಒಂದ್ಸಲ ಪರದೇಶಿ ಆಗೇನಿ, ನನಗ ಸಾಕು. ಈ ಸಲ ನೀವು ಆಗಿ ಬರ್ರಿ."

ಅಕ್ಕ ಬಟ್ಟಲು ಕೆಳಗಿಟ್ಟು ನನ್ನ ಕಡೆ ನೋಡಿದಳು. "ಕೇಳಿದ್ಯಾ? ಇನ್ನ ನಿನ್ನ ನಕಾಶಿ ಮಡಚಿಡು," ಎಂದಳು.

ಹಿಟ್ಟಿನ ಚೀಲ ಬಿದ್ದಲ್ಲೇ ಇತ್ತು. ನಾನು ಎದ್ದು ಅದನ್ನು ಒಳಗಿಟ್ಟೆ; ಎದ್ದು ಹೋಗಲು ಬೇರೆ ನೆಪವಿರಲಿಲ್ಲ. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ, ಎದ್ದು, ಈ ಹೆಂಗಸು ದೇಶ ಬಿಟ್ಟು ಬಂದವಳು ಎಂಬುದು ನನಗೆ ಹೊಳೆದಿರಲಿಲ್ಲ. ಮಗ್ಗದ ನಡುಕವನ್ನು ಅಂಗಾಲಿನಿಂದ ಹಿಡಿಯುತ್ತೇನೆಂದು ಮೆರೆಯುತ್ತಿದ್ದವನು ನಾನು. ಯಾವ ಊರು ವಾಸಕ್ಕೆ ಯೋಗ್ಯವೆಂದು ಕೇಳುವವರಿಗೆ ಈಗ ಒಂದೇ ಹೇಳುತ್ತೇನೆ: ಹವೆ, ಅನ್ನ, ಸಂಬಳ ಆಮೇಲೆ, ಅಲ್ಲಿಯ ಮಾತಿನಲ್ಲಿ ಜಗಳಾಡಲು ನಿಮಗೆ ಎಷ್ಟು ವರ್ಷ ಬೇಕಾಗುತ್ತದೆ, ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡು ಕೂರುವವರು ನಿಮ್ಮ ಮನೆಯಲ್ಲಿ ಯಾರು, ಅದನ್ನು ಮೊದಲು ಕೇಳಿಕೊಳ್ಳಿ.

ಸೋಮವಾರ ಕೊಲ್ಹಾಪುರಕ್ಕೆ ಹೋಗಿ ಪ್ರಾಗಿನ ಪತ್ರ ಲಗತ್ತಿಸಿದೆ. ಜೊತೆಯಲ್ಲಿ ಬರುವವರು ಎಂಬ ಕಡೆ ಯಾರೂ ಇಲ್ಲ ಎಂದು ಬರೆದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಏಕಟೇ?" ಎಂದು ಕೇಳಿದರು. ಒಬ್ಬರೇ?

"ಹೋ," ಎಂದೆ. ಮರಾಠಿಯಲ್ಲಿ ಹೌದು ಎನ್ನುವುದಕ್ಕೆ ಅದು. ಆದರೆ ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದಲೇ ಬಂದ ಆ ಮಾತು ನನಗೆ ಕನ್ನಡದಲ್ಲಿ ಕೇಳಿಸಿತು, ಯಾರೋ ಹೋಗು ಅಂದಹಾಗೆ. ಎಡಗೈ ಬಲಗೈ ಎಂದು ತಿಳಿದಿದ್ದ ಎರಡು ಭಾಷೆಗಳು ಅಂದು ಬೇರೆ ಬೇರೆಯಾದವು.

ಪ್ರಾಗ್ ಹೇಗಿತ್ತು ಎಂದು ಬರೆಯಲು ಕೂತರೆ ಅದೇ ಬೇರೆ ಪುರಾಣ. ಚೆಂದದ ಊರು. ಹೊಳೆ ಇದೆ, ಅದರ ಮೇಲೆ ಕಲ್ಲಿನ ಸೇತುವೆ ಇದೆ. ಯಾನ್ ಒಳ್ಳೆಯವನು, ಕಾರ್ಖಾನೆಯಲ್ಲಿ ನನ್ನನ್ನು ಬಿಟ್ಟು ಕದಲುತ್ತಿರಲಿಲ್ಲ. ಆದರೆ ಕಾರ್ಖಾನೆಯ ಬಾಗಿಲು ದಾಟಿದರೆ ನಾನು ಮೂಕ. ಮೊದಲ ವಾರ ಅಂಗಡಿಗೆ ಹೋದೆ. ಬೇಕಾದದ್ದು ಉಪ್ಪು. ನಲವತ್ತು ಸಮೀಪಿಸಿದ ಗಂಡಸು ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಪುಡಿ ಉದುರಿಸುವ ಅಭಿನಯ ಮಾಡಿ ತೋರಿಸಿದೆ. ಹಿಂದೆ ನಿಂತಿದ್ದ ಹೆಂಗಸರು ಏನೋ ಅಂದುಕೊಂಡು ನಕ್ಕರು. ಕೆಟ್ಟ ನಗುವೇನಲ್ಲ, ಆದರೂ ಬೆನ್ನು ಬಿಸಿಯಾಯಿತು. ಅಂಗಡಿಯವಳು ಕೊಟ್ಟ ಪೊಟ್ಟಣವನ್ನು ಬಿಚ್ಚಿ ಸಹ ನೋಡದೆ ಕೋಣೆಗೆ ತಂದೆ. ಸಕ್ಕರೆ. ಪಲ್ಯಕ್ಕೆ ಹಾಕಿದ ಮೇಲೆ ತಿಳಿಯಿತು. ಮರುದಿನ ಅಂಗಡಿಯ ಎದುರಿನವರೆಗೆ ಹೋಗಿ ತಿರುಗಿ ಬಂದೆ. ಕೋಣೆಯ ಬಾಗಿಲು ಹಾಕಿಕೊಂಡು ಕೂತು ಮನೆಗೆ ಮರಾಠಿಯಲ್ಲಿ ಕಾಗದ ಬರೆದೆ. ಕ್ಷೇಮ ಸಮಾಚಾರ ಬರೆದಾದ ಮೇಲೆ, ನಿನ್ನವ್ವನನ್ನು ಒಂದು ಮಾತು ಕೇಳು ಎಂದು ಮಗಳು ಸುಮಿಗೆ ಸೂಚಿಸಿದೆ: ನೀನು ಇಚಲಕರಂಜಿಗೆ ಹೊಸದಾಗಿ ಬಂದಾಗ ಅಂಗಡಿಯಲ್ಲಿ ಉಪ್ಪನ್ನು ಹೇಗೆ ಕೇಳಿದೆ?

ಉತ್ತರ ಬರಲು ತಿಂಗಳು ಮೇಲಾಯಿತು. ಅಷ್ಟರಲ್ಲಿ ಉಪ್ಪಿಗೆ ಅಲ್ಲಿ 'ಸೂಲ್' ಅನ್ನುತ್ತಾರೆಂದು ಯಾನ್‌ನಿಂದ ಕಲಿತಿದ್ದೆ. ನಮ್ಮಲ್ಲಿ ಸೂಲು ಎಂದರೆ ಹೆರಿಗೆ. ಆ ಒಂದು ಮಾತು ಬಾಯಿಂದ ಹೊರಬರಲು ಪಟ್ಟ ಕಷ್ಟಕ್ಕೆ ಹೆಸರು ಸರಿಯಾಗಿಯೇ ಇತ್ತು.

ಕಾಶವ್ವನಿಗೆ ಓದು ಬರಹ ಬಾರದು. ಸುಮಿ ಓದುವುದು ಮರಾಠಿ ಶಾಲೆಯಲ್ಲಿ, ಅವಳಿಗೆ ಕನ್ನಡ ಅಕ್ಷರ ಬಾರದು. ತನ್ನವ್ವ ಹೇಳಿದ ಕನ್ನಡವನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದಿದ್ದಳು. ಕಣ್ಣಿನಿಂದ ಓದಿದರೆ ಅರ್ಥವಾಗುತ್ತಿರಲಿಲ್ಲ, ಗಟ್ಟಿಯಾಗಿ ಓದಿದೆ. ಆ ಕೋಣೆಯಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು.

"ಉಪ್ಪ ನಾ ಕೇಳಲಿಲ್ರಿ. ಎಂಟ ದಿನ ಅಂಗಡಿ ತನಕಾ ಹೋಗಿ ತಿರುಗಿ ಬಂದೆ. ಒಂಬತ್ತನೇ ದಿನಕ್ಕ ತಾತ್ಯಾನ ಹೆಣ್ತಿ ತಾನೇ ತಿಳಕೊಂಡು ತಂದ ಕೊಟ್ಲು. ಆ ಎಂಟ ದಿನ ಪಲ್ಯಾಕ ಉಪ್ಪ ಇರಲಿಲ್ಲ. ಅಕ್ಕಾರು ಕೊಟ್ಟ ಉಪ್ಪಿನಕಾಯಿ ಇತ್ತು, ನೀವು ಅದನ್ನ ಹಚ್ಚಿಕೊಂಡು ಉಂಡು ಶೆಡ್ಡಿಗೆ ಹ್ವಾದ್ರಿ. ನಿಮಗ ಗೊತ್ತಾಗಲಿಲ್ಲ. ನಾ ಹೇಳಲಿಲ್ಲ. ನೀವು ಮಾತ್ರ ಕೇಳೂದು ಕಲೀರಿ. ಅಲ್ಲಿ ತಾತ್ಯಾನ ಹೆಣ್ತಿ ಇಲ್ಲ."

ಅಂದು ರಜೆ. ಒಲೆಯ ಮೇಲೆ ಬಟಾಟೆ ಬೇಯುತ್ತಿತ್ತು. ಉಪ್ಪಿನ ಡಬ್ಬಿ ತುಂಬಿಕೊಂಡು ಕಿಟಕಿಯ ಹತ್ತಿರ ಇತ್ತು. ಅದನ್ನು ಮುಟ್ಟಲಿಲ್ಲ. ಸಪ್ಪೆ ಪಲ್ಯವನ್ನು ಬಟ್ಟಲಿಗೆ ಹಾಕಿಕೊಂಡು, ನಿಧಾನವಾಗಿ, ಒಂದು ತುತ್ತನ್ನೂ ಬಿಡದೆ ತಿಂದೆ. ಅವಳ ಆ ಎಂಟು ದಿನಗಳಲ್ಲಿ ಅದು ಒಂದು ದಿನ.